ಎರಡು ಬಾರಿ ಬಂದ ಕ್ರಿಸ್‌ಮಸ್

ನಮ್ಮೂರಿಗೆ ಹಬ್ಬಗಳು ಪಂಚಾಂಗ ನೋಡಿಕೊಂಡು ಬರುವುದಿಲ್ಲ, ಬಾವಿಗೆ ಬರುತ್ತವೆ. ಊರ ನಡುವಿನ ಎಂಟು ಮೂಲೆಯ ಬಾವಿಯ ನೀರು ಒಂದು ಬೆಳಗ್ಗೆ ಎಳ್ಳಿನ ರುಚಿ ಹಿಡಿದರೆ ಅಂದು ಸಂಕ್ರಾಂತಿ. ಮೊದಲು ಬೇವು, ಗುಟುಕು ಇಳಿದ ಮೇಲೆ ಬೆಲ್ಲ ಎನಿಸಿದರೆ ಯುಗಾದಿ. ಖರ್ಜೂರವಾದರೆ ರಂಜಾನ್, ಹಸಿ ತೆಂಗಿನಕಾಯಿಯಾದರೆ ಗಣೇಶನ ಚೌತಿ, ಕರಬೂಜದ ಬೆನ್ನಿಗೇ ಕಾಳುಮೆಣಸು ಚುರುಕ್ಕೆಂದರೆ ರಾಮನವಮಿ, ಊರಿಗೆಲ್ಲ ಪಾನಕ. ಒಂದೇ ವರ್ಷದಲ್ಲಿ ಎರಡು ಸಲ ಬಂದ ಹಬ್ಬಗಳಿವೆ, ಮೂರು ವರ್ಷ ಮುಖ ತೋರಿಸದೆ ಇದ್ದವೂ ಇವೆ. ಬಂದ ದಿನ ಹೊತ್ತು ಮುಳುಗುವುದರೊಳಗೆ, ಊರೊಳಗೇ ಕೈಯಾರೆ ಮಾಡಿದ ಆ ಹಬ್ಬದ ತಿಂಡಿ ಮೂವತ್ತೈದು ಮನೆಗಳ ಹೊಸ್ತಿಲನ್ನೂ ದಾಟಿರಬೇಕು, ಒಳಕ್ಕಾದರೂ ಸರಿ, ಹೊರಕ್ಕಾದರೂ ಸರಿ. ಒಂದು ಮನೆ ತಪ್ಪಿದರೂ ಹಬ್ಬ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮತ್ತೆ ಯಾವಾಗ ಎಂದು ಹೇಳುವವರಿಲ್ಲ.

ಆ ನೀರನ್ನು ನೋಡಿ ಹೇಳುವ ಕೆಲಸ ನಲವತ್ತೊಂದು ವರ್ಷ ನನ್ನದಾಗಿತ್ತು. ಜನ ನನ್ನ ಹುಟ್ಟುಹೆಸರನ್ನು ಮರೆತು ನೀರಯ್ಯ ಎಂದೇ ಕರೆಯುತ್ತಿದ್ದರು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಲ್ಲದೆಂದು ಬಲ್ಲೆ. ಆದರೆ ಭೀಮನ ಅಮಾವಾಸ್ಯೆಯ ನೀರಿಗೂ ನಾಗರಪಂಚಮಿಯ ನೀರಿಗೂ ಕೂದಲೆಳೆಯಷ್ಟೇ ಅಂತರವಿದೆ, ಮತ್ತು ಆ ಅಂತರವನ್ನು ನಾನೊಮ್ಮೆಯೂ ತಪ್ಪಿದವನಲ್ಲ ಎಂಬುದನ್ನು ನಾನಲ್ಲದೆ ಬೇರೆ ಯಾರು ಹೇಳಬೇಕು? ನೀರು ನೋಡುವವನಿಗೆ ಎರಡು ಕಟ್ಟುಪಾಡುಗಳಿವೆ. ನೀರು ನೋಡುವ ಮೊದಲು ಬಾಯಿಯಲ್ಲಿ ಏನೂ ಇರಕೂಡದು. ಒಲೆಯ ಮುಂದೆ ನಿಂತು ಅಡಿಗೆ ಮಾಡಕೂಡದು, ಒಗ್ಗರಣೆಯ ಹೊಗೆ ನಾಲಿಗೆಯ ಮೇಲೆ ಕೂರುತ್ತದೆ. ಎರಡನೆಯ ಕಟ್ಟುಪಾಡನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲವೆಂದು ನನ್ನ ಹೆಂಡತಿ ಶಿವನೀಲೆ ಕಂಡಕಂಡವರಿಗೆಲ್ಲ ಹೇಳುತ್ತಾಳೆ.

ಬಾವಿಗೆ ದಿನವೂ ನನಗಿಂತ ಮೊದಲು ಬಂದು ಕಾಯುತ್ತಿದ್ದವರು ಇಬ್ಬರು. ಒಬ್ಬರು ದಸ್ತಗೀರ್ ಸಾಬರು. ನಾನು ಹಬ್ಬದ ಹೆಸರು ಹೇಳಿದೊಡನೆ ಗಂಟೆ ಹೊಡೆದು ಊರಿಗೆ ಸಾರುವುದು ಅವರ ಕೆಲಸ. ಇನ್ನೊಬ್ಬರು ಫಿಲೋಮಿನಮ್ಮ. ನಮ್ಮೂರಿನಲ್ಲಿ ಕ್ರೈಸ್ತರದು ಅದೊಂದೇ ಮನೆ. ಹಿಂದಿನ ಕ್ರಿಸ್‌ಮಸ್ ಬಂದು ಹೋಗಿ ಎರಡು ವರ್ಷ ಏಳು ತಿಂಗಳಾಗಿತ್ತು. ಅಂದು ಸಂಜೆಯೇ ಆಕೆ ಒಣದ್ರಾಕ್ಷಿ, ಖರ್ಜೂರ, ಕಿತ್ತಳೆಯ ಸಿಪ್ಪೆ, ಶುಂಠಿ ಎಲ್ಲವನ್ನೂ ಸಣ್ಣಗೆ ಹೆಚ್ಚಿ, ತಾವೇ ಇಳಿಸಿದ ದ್ರಾಕ್ಷಾರಸದಲ್ಲಿ ಮುಳುಗಿಸಿ, ಮೊಣಕಾಲೆತ್ತರದ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ಅದರಿಂದ ಮಾಡುವ ಕೇಕಿನಲ್ಲಿ ಏನೇನಿದೆಯೆಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಕೆಲವರು ತಿನ್ನುವುದನ್ನು ಬಿಡಬೇಕಾಗುತ್ತದೆ. ಮೊಟ್ಟೆ ತಿನ್ನದವರಿಗೆ ಮಾತ್ರ ಮೊಸರು ಹಾಕಿ ಬೇರೆ ಮಾಡಿ, ಗುರುತಿಗೆ ಮೇಲೊಂದು ಗೋಡಂಬಿ ಒತ್ತುತ್ತಿದ್ದರು. ಮೂವತ್ತೈದು ಮನೆಗೂ ಅವರೊಬ್ಬರೇ ಮಾಡಬೇಕು, ಬೇರೆಯವರಿಗೆ ಬರುತ್ತಿರಲಿಲ್ಲ. ಯುಗಾದಿಗೆ, ಚೌತಿಗೆ, ರಂಜಾನಿಗೆ ಆಕೆಯ ಮನೆಗೆ ಹತ್ತು ಕಡೆಯಿಂದ ತಿಂಡಿ ಹೋಗುತ್ತಿತ್ತು. ತನ್ನ ಹಬ್ಬದಂದು ಮಾತ್ರ ಆಕೆ ಕೊಡುವವರು, ನಾವು ತಿನ್ನುವವರು.

“ನೀರಯ್ಯ, ಇವತ್ತು?” ಎಂದು ದಿನವೂ ಕೇಳುತ್ತಿದ್ದರು.

“ಇಲ್ಲ ಕಣಮ್ಮ.”

“ಹೋಗ್ಲಿ ಬಿಡಿ, ಹಣ್ಣು ಇನ್ನೂ ಚೆನ್ನಾಗಿ ನೆನೀಲಿ,” ಎಂದು ಕೊಡ ತುಂಬಿಕೊಂಡು ಹೋಗುತ್ತಿದ್ದರು. ಒಂಬೈನೂರು ಸಲಕ್ಕಿಂತ ಹೆಚ್ಚು ನಾನು ಆಕೆಗೆ ಇಲ್ಲವೆಂದಿದ್ದೇನೆ. ಹೇಳುವ ಬಾಯಿಗೂ ಅದು ಸುಲಭವಾಗಿರಲಿಲ್ಲ.

ಆ ಮಂಗಳವಾರ ನೀರನ್ನು ಬಾಯಿಗೆ ಹಾಕಿಕೊಂಡಾಗ ಲವಂಗ ಘಮ್ಮೆಂದಿತು. ಕ್ರಿಸ್‌ಮಸ್ಸಿನದಲ್ಲದೆ ಬೇರೆ ಯಾವ ಹಬ್ಬದ ನೀರಿನಲ್ಲೂ ಲವಂಗವಿರುವುದಿಲ್ಲ. ಹಿಂದೆ ಮುಂದೆ ಇನ್ನೇನಿದೆಯೆಂದು ನಾನು ಹುಡುಕಲಿಲ್ಲ. ಮತ್ತೊಂದು ಗುಟುಕು ತೆಗೆದುಕೊಂಡೆ, ಲವಂಗವೇ. ನನ್ನ ಮುಖ ನೋಡಿ ಫಿಲೋಮಿನಮ್ಮನ ಕೈಯ ಕೊಡ ಜಾರಿತು.

“ಕ್ರಿಸ್‌ಮಸ್!” ಎಂದೆ.

ದಸ್ತಗೀರ್ ಸಾಬರು ಗಂಟೆಯನ್ನು ಹೊಡೆದ ರೀತಿಗೆ ಅದರ ನಾಲಿಗೆಯೇ ಕಳಚಿಬಿತ್ತು. ಉಳಿದದ್ದನ್ನು ಬಾಯಿಯಿಂದಲೇ ಸಾರಿಕೊಂಡು ಬೀದಿಬೀದಿ ಓಡಿದರು.

ಸಂತೋಷದ ನಡುವೆ ಒಂದು ತೊಡಕಿತ್ತು. ಹಿಂದಿನ ವಾರ ಫಿಲೋಮಿನಮ್ಮ ಹಿತ್ತಲಿನಲ್ಲಿ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡಿದ್ದರು. ಮೂವತ್ತೈದು ಮನೆಯ ಹಿಟ್ಟು ಕಲಸುವುದು ಎಡಗೈಯಿಂದ ಆಗುವ ಕೆಲಸವಲ್ಲ. ಆದ್ದರಿಂದ ಊರಿನ ಹೆಂಗಸರೆಲ್ಲ ಅವರ ಅಂಗಳಕ್ಕೆ ನುಗ್ಗಿದರು. ಶಿವನೀಲೆ ಸೆರಗು ಸಿಕ್ಕಿಸಿಕೊಂಡು ಮೊದಲನೆಯವಳಾಗಿ ಹೋದಳು. ನಾನು ಬೇಲಿಯಾಚೆ ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದೆ. ಅಷ್ಟು ಬೈಗುಳ ಒಟ್ಟಿಗೆ ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

“ಒಂದೇ ಕಡೆ ತಿರುಗ್ಸೇ! ಹಿಂದಕ್ಕೂ ಮುಂದಕ್ಕೂ ತಿರುಗ್ಸೋಕೆ ಅದೇನು ಮಜ್ಜಿಗೆ ಕಡೆಗೋಲಾ?” ಎಂದು ಫಿಲೋಮಿನಮ್ಮ ಕಟ್ಟು ಕಟ್ಟಿದ ಕೈಯನ್ನೇ ಬೀಸಿದರು.

“ಕೈ ನೋವಲ್ಲೂ ಈ ಬಾಯಿಗೇನೂ ಆಗಿಲ್ವಲ್ಲ ನಿಮಗೆ,” ಎಂದಳು ಶಿವನೀಲೆ.

“ಬಾಯಿ ಜಾರಿದ್ರೆ ಉಳುಕಲ್ಲ ಕಣೇ, ಪಕ್ಕದೋರಿಗೆ ಉಳುಕುತ್ತೆ. ಸಕ್ಕರೆ ನೋಡು! ಜೇನಿನ ಬಣ್ಣ ದಾಟಿ ಕಾಫಿ ಬಣ್ಣಕ್ಕೆ ಬಂದ ತಕ್ಷಣ ಬಿಸಿನೀರು ಬೀಳ್ಬೇಕು. ಎರಡು ಉಸಿರು ತಡ ಆದ್ರೆ ಎಸೀಬೇಕು.”

ದೊಡ್ಡ ದೊಡ್ಡ ಬೋಗುಣಿಗಳಲ್ಲಿ ಮರಳು ಕಾಯಿಸಿ, ನಡುವೆ ಹಿಟ್ಟಿನ ಪಾತ್ರೆಯನ್ನಿಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದರು. ಹದಿನೈದು ಒಲೆ ಉರಿಯುತ್ತಿದ್ದವು. ಜಾಡಿಯ ಬಾಯಿ ಬಿಚ್ಚಿದಾಗ ಹೊಮ್ಮಿದ ಪರಿಮಳಕ್ಕೆ ಬೇಲಿಯ ಮೇಲಿನ ಕಾಗೆಗಳು ಸಹ ಸದ್ದು ನಿಲ್ಲಿಸಿದವೆಂದು ದಸ್ತಗೀರ್ ಸಾಬರು ಇಂದಿಗೂ ಹೇಳುತ್ತಾರೆ. ಫಿಲೋಮಿನಮ್ಮ ಕೊನೆಯ ಹಣ್ಣಿನ ತುಣುಕನ್ನೂ ಬಾಚಿ ಹಾಕಿಸಿ, ಜಾಡಿಯನ್ನು ಬೋರಲು ಹಾಕಿ ಕೆಳಗೆ ತಟ್ಟಿ, ಮಗುವಿನಂತೆ ನಕ್ಕರು.

ಮಧ್ಯಾಹ್ನ ಶಿವನೀಲೆ ಗೋಡಂಬಿ ಒತ್ತಿದ ನಮ್ಮ ಪಾಲಿನ ಕೇಕನ್ನು ತಂದು ಮುಂದಿಟ್ಟಳು. ಮೂಗಿನ ತುದಿಗೆ ಹಿಟ್ಟು ಅಂಟಿತ್ತು. ನಾನು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಎಡಗಡೆಯ ದವಡೆಯಲ್ಲಿ ಏನೋ ಅಡ್ಡ ಸಿಕ್ಕಿತು. ಬೆರಳು ಹಾಕಿ ತೆಗೆದೆ. ಹಿಂದಿನ ದಿನ ಮಲಗುವ ಮುಂಚೆ ಹಲ್ಲುನೋವಿಗೆಂದು ಒತ್ತಿಟ್ಟುಕೊಂಡಿದ್ದ ಲವಂಗ ಅಂಗೈಯಲ್ಲಿ ಕುಳಿತಿತ್ತು.

ಶಿವನೀಲೆ ಅದನ್ನು ನೋಡಿದಳು, ಬಳಿಕ ನನ್ನನ್ನು ನೋಡಿದಳು.

“ರೀ, ಇದನ್ನ ಇಟ್ಕೊಂಡೇ ನೀರು ನೋಡಿದ್ರಾ?”

ಬೆಳಗ್ಗೆ ತುಂಬಿಟ್ಟ ನೀರು ಅಡಿಗೆಮನೆಯ ಹಂಡೆಯಲ್ಲಿತ್ತು. ಹಬ್ಬದ ರುಚಿ ಹೊತ್ತು ಮುಳುಗುವವರೆಗೆ ಕೊಡದಲ್ಲಿಯೂ ಉಳಿಯುತ್ತದೆ, ಆದರೆ ನಾನು ಹೆಸರು ಹೇಳಿದ ಮೇಲೆ ಅದನ್ನು ಕುಡಿದು ಪರೀಕ್ಷಿಸುವವರು ಊರಿನಲ್ಲಿ ಯಾರೂ ಇರಲಿಲ್ಲ. ಬಾಯಿ ಮುಕ್ಕಳಿಸಿ, ಒಂದು ಲೋಟ ಮೊಗೆದು ಕುಡಿದೆ. ಅವಳೂ ಕುಡಿದಳು. ಸಪ್ಪೆ. ಕಲ್ಲಿನ ರುಚಿ, ಪಾಚಿಯ ಒಂದಿಷ್ಟು ತಂಪು, ಮತ್ತೇನೂ ಇಲ್ಲ. ಅಂದು ಯಾವ ಹಬ್ಬವೂ ಅಲ್ಲ, ಬರಿಯ ಮಂಗಳವಾರ.

“ಸುಮ್ನಿದ್ದುಬಿಡಿ,” ಎಂದಳು ಮೊದಲು. “ಎಲ್ಲರೂ ಎಷ್ಟು ಖುಷಿಯಾಗಿದ್ದಾರೆ. ಯಾರಿಗೆ ಗೊತ್ತಾಗುತ್ತೆ?”

ನನಗೂ ಹಾಗೆಯೇ ಅನ್ನಿಸಿತೆಂಬುದನ್ನು ಮುಚ್ಚಿಡುವುದಿಲ್ಲ. ನಲವತ್ತೊಂದು ವರ್ಷದ ಹೆಸರು ಒಂದು ಲವಂಗದಲ್ಲಿ ಹೋಗುವುದು ಸಣ್ಣ ಮಾತಲ್ಲ. ಆದರೆ ಸುಮ್ಮನಿದ್ದು ಏನು ಮಾಡಲಿ? ನಿಜವಾದ ಕ್ರಿಸ್‌ಮಸ್ ಇನ್ನೂ ದಾರಿಯಲ್ಲಿದೆ. ಒಂದೇ ತಿಂಗಳಲ್ಲಿ ಎರಡು ಸಲ ಬಂದ ಹಬ್ಬ ಯಾವುದೂ ಇಲ್ಲ; ಅದು ಮುಂದಿನ ವಾರವೇ ಬಂದರೆ ಮತ್ತೆ ಹೇಗೆ ಸಾರಲಿ? ಬಾವಿಯ ಬಳಿ ಆಕೆ ಎದುರಿಗೆ ನಿಂತು ಕೇಳುವಾಗ, ಲವಂಗವೂ ದ್ರಾಕ್ಷಿಯೂ ತುಂಬಿದ ನೀರನ್ನು ನುಂಗಿ, “ಇಲ್ಲ ಕಣಮ್ಮ” ಎನ್ನಬೇಕಾಗುತ್ತದೆ. ಅಷ್ಟು ದಿನ ಇಲ್ಲವೆಂದದ್ದು ಸತ್ಯ. ಅದೊಂದು ಮಾತ್ರ ಸುಳ್ಳಾಗುತ್ತಿತ್ತು, ಮತ್ತು ಅವರ ಹಬ್ಬವನ್ನು ನಾನೇ ತಿರುಗಿ ಕಳಿಸಿದಂತಾಗುತ್ತಿತ್ತು. ಇದನ್ನು ಶಿವನೀಲೆಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಲೋಟವನ್ನು ತಿರುಗಿಸುತ್ತ ಕುಳಿತು, “ಹಾಗಾದ್ರೆ ಈಗ್ಲೇ ಹೋಗಿ. ಮೇಲಿನ ಪಂಚೆ ಹೊದ್ಕೊಂಡು ಹೋಗಿ, ಬೈಸ್ಕೊಳ್ಳೋಕಾದ್ರೂ ನೆಟ್ಟಗೆ ಕಾಣಿ,” ಎಂದಳು.

ಫಿಲೋಮಿನಮ್ಮನ ಅಂಗಳದಲ್ಲಿ ಊರೇ ನೆರೆದಿತ್ತು. ಬಾಗಿಲಿನ ಮೇಲೆ ಕಾಗದದ ನಕ್ಷತ್ರ ತೂಗುತ್ತಿತ್ತು. ಎಲ್ಲರ ಕೈಯಲ್ಲೂ ದ್ರಾಕ್ಷಾರಸದ ಲೋಟ. ನಾನು ಲವಂಗವನ್ನು ಅಂಗೈಯಲ್ಲಿಟ್ಟುಕೊಂಡು, ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ಮೊದಲು ನಕ್ಕವರು ದಸ್ತಗೀರ್ ಸಾಬರು. “ಅಲ್ಲಾ ನೀರಯ್ಯ, ಹಬ್ಬ ಬರದೇನೇ ಹೊಟ್ಟೆ ತುಂಬಿಸಿಬಿಟ್ರಲ್ಲ! ನನ್ನ ಗಂಟೆ ನಾಲಿಗೇನೂ ಕಿತ್ತೋಯ್ತು, ನಿಮ್ಮ ನಾಲಿಗೇನೂ ಕೆಟ್ಟೋಯ್ತು!” ಅಂಗಳವೆಲ್ಲ ಗೊಳ್ಳೆಂದಿತು. ಕೆಲವರು ಬೈದರು, ಕೆಲವರು ಇನ್ನೊಂದು ತುಂಡು ತೆಗೆದುಕೊಂಡರು. ಫಿಲೋಮಿನಮ್ಮ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಬೆಳಗಿನಿಂದ ಬೈದು ಬೈದು ಗಂಟಲು ಕಟ್ಟಿದ್ದರೂ ನನಗೆ ಒಂದು ಬೈಗುಳ ಉಳಿಸಿಕೊಂಡಿರುತ್ತಾರೆಂದು ನಾನು ಆಸೆಪಟ್ಟಿದ್ದೆ.

“ಜಾಡಿ ಖಾಲಿಯಾಯ್ತಲ್ಲ ನೀರಯ್ಯ,” ಎಂದರು ಅಷ್ಟೇ. “ಎಲ್ಲಾ ತಿನ್ನಿ, ಬಿಡಬೇಡಿ,” ಎಂದು ಜನಕ್ಕೆ ಹೇಳಿ, ಸ್ಟೂಲು ಹತ್ತಿ ಒಂದೇ ಕೈಯಲ್ಲಿ ನಕ್ಷತ್ರವನ್ನು ಬಿಚ್ಚಿಕೊಂಡು ಒಳಗೆ ಹೋದರು.

ಮರುದಿನ ಊರಿನವರು ಕಟ್ಟೆಯ ಮೇಲೆ ಸೇರಿ ನೀರು ನೋಡುವ ಕೆಲಸವನ್ನು ನನ್ನಿಂದ ತೆಗೆದು ಶಿವನೀಲೆಗೆ ಕೊಟ್ಟರು. ಅವಳ ಸಾರಿನಲ್ಲಿ ಎಂದೂ ಒಂದು ಹರಳು ಉಪ್ಪು ಹೆಚ್ಚುಕಡಿಮೆಯಾದದ್ದಿಲ್ಲವೆಂಬುದೇ ಯೋಗ್ಯತೆಯಾಯಿತು. ಆದರೆ ಕಟ್ಟುಪಾಡು ಕಟ್ಟುಪಾಡೇ: ಅಂದಿನಿಂದ ಅವಳು ಒಲೆ ಮುಟ್ಟುವಂತಿಲ್ಲ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಒಲೆ ಹಚ್ಚಿದೆ. ಶಿವನೀಲೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತು, “ಕೈ ಹಾಕೋ ಹಾಗಿಲ್ಲ, ಬಾಯಿ ಹಾಕ್ಬಹುದಲ್ಲ,” ಎಂದು ಹತ್ತೊಂಬತ್ತು ದಿನ ಬಾಯಿ ಹಾಕಿದಳು. ಹತ್ತೊಂಬತ್ತು ದಿನವೂ ಫಿಲೋಮಿನಮ್ಮ ಬಾವಿಗೆ ಬಂದರಂತೆ, ನೀರು ಸೇದಿಕೊಂಡು ಹೋದರಂತೆ. ಏನನ್ನೂ ಕೇಳಲಿಲ್ಲವಂತೆ.

ಇಪ್ಪತ್ತನೆಯ ಬೆಳಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಗಂಟೆ ಕೇಳಿಸಿತು. ಬಾಣಲೆ ಇಳಿಸಿ ಓಡಿದೆ. ಬಾವಿಯ ಸುತ್ತ ಜನ ನಗುತ್ತಿದ್ದರು.

“ಶಿವನೀಲಮ್ಮ, ಬಾಯಿ ತೆಗೀರಿ ನೋಡೋಣ!”

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಊರಿಗೆಲ್ಲ ಬಾಯಿ ತೆರೆದು ತೋರಿಸಿದಳು. “ಇರೋದು ಹದಿನಾಲ್ಕು ಹಲ್ಲು, ಎಣಿಸ್ಕೊಳ್ಳಿ. ಲವಂಗ ಇದ್ರೆ ಹೇಳಿ. ಕ್ರಿಸ್‌ಮಸ್ ಅಂದ್ರೆ ಕ್ರಿಸ್‌ಮಸ್ಸೇ!” ಅನುಮಾನದವರು ತಾವೇ ಒಂದೊಂದು ಗುಟುಕು ಕುಡಿದು ನೋಡಿದರು. ನಾನೂ ಕುಡಿದೆ. ದ್ರಾಕ್ಷಿ ಮೊದಲು ಬಂತು, ಬಳಿಕ ಕಿತ್ತಳೆಯ ಸಿಪ್ಪೆಯ ಸಣ್ಣ ಒಗರು, ಎಲ್ಲಕ್ಕೂ ಹಿಂದೆ ದೂರದಲ್ಲಿ ಲವಂಗ. ಇಷ್ಟನ್ನು ಹುಡುಕದೆ ಅಂದು ಹೆಸರು ಹೇಳಿಬಿಟ್ಟೆನಲ್ಲ ಎಂದು ನಾಚಿದೆ.

ಫಿಲೋಮಿನಮ್ಮ ಕೊಡವನ್ನು ಕೆಳಗಿಟ್ಟು ನಿಂತಿದ್ದರು. “ಬಂದಿದ್ದು ಸಂತೋಷ,” ಎಂದರು. “ಆದ್ರೆ ನನ್ನ ಹತ್ರ ಒಂದು ದ್ರಾಕ್ಷಿ ಕೂಡ ಇಲ್ಲ. ವಾಪಸ್ಸು ಹೋಗ್ಲಿ ಬಿಡಿ.” ನೀರನ್ನೂ ಸೇದದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲೆ ದಸ್ತಗೀರ್ ಸಾಬರ ಹೆಂಡತಿ ಖೈರುನ್ನಿಸಾ, “ಅಲ್ಲಾ, ಮೊನ್ನೆ ಅಷ್ಟು ಬೈಸ್ಕೊಂಡು ಕಲ್ತಿದ್ದು ಯಾಕೆ ಮತ್ತೆ?” ಎಂದರು. ಅಷ್ಟೇ ಸಾಕಾಯಿತು.

ಮೂವತ್ತನಾಲ್ಕು ಮನೆಗಳಲ್ಲಿ ಒಲೆ ಹೊತ್ತಿತು. ನೆನೆದ ಹಣ್ಣು ಯಾರಲ್ಲಿಯೂ ಇರಲಿಲ್ಲ. ಇದ್ದದ್ದನ್ನು ಎಲ್ಲರೂ ಹೊಂದಿಸಿಕೊಂಡರು. ಖೈರುನ್ನಿಸಾ ಖರ್ಜೂರವನ್ನು ಗುಲಾಬಿ ಶರಬತ್ತಿನಲ್ಲಿ ಕುದಿಸಿದರು. ಗಾಣದವರ ಮನೆಯಲ್ಲಿ ಕೊಬ್ಬರಿಯನ್ನೂ ಕಡಲೆಕಾಯನ್ನೂ ಕಬ್ಬಿನ ಹಾಲಿನಲ್ಲಿ ಅದ್ದಿದರು. ಒಬ್ಬರು ರಾಗಿಹಿಟ್ಟು, ಒಬ್ಬರು ಸಜ್ಜಿಗೆ. ಪಾನಕಕ್ಕೆಂದು ಇಟ್ಟಿದ್ದ ಏಲಕ್ಕಿ, ಎಳ್ಳು ಬೀರಲೆಂದು ಇಟ್ಟಿದ್ದ ಬೆಲ್ಲದ ಅಚ್ಚು, ಎಲ್ಲವೂ ಹೊರಗೆ ಬಂದವು. ಒಂದು ಬೀದಿಯಲ್ಲಿ ನಡೆದರೆ ಐದು ಹಬ್ಬದ ವಾಸನೆ ಮೂಗಿಗೆ ಬಡಿಯುತ್ತಿತ್ತು.

ನಮ್ಮ ಮನೆಯ ಕೇಕನ್ನು ನಾನೇ ಮಾಡಬೇಕಾಯಿತು. ನಮ್ಮ ಮನೆ ತಪ್ಪಿದರೆ ಹಬ್ಬ ನನ್ನಿಂದಲೇ ಎರಡನೆಯ ಸಲ ಹಾಳಾಗುತ್ತಿತ್ತು. ಶಿವನೀಲೆ ಬಾಗಿಲಿನಿಂದ ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ಸಕ್ಕರೆ ಜೇನಿನ ಬಣ್ಣಕ್ಕೆ ಬಂತು, ಕಾಫಿಯ ಬಣ್ಣಕ್ಕೆ ಬಂತು. “ನೀರು, ನೀರು!” ಎಂದಳು. ನೀರಯ್ಯನೆಂದು ಹೆಸರು ಪಡೆದ ನನಗೆ ಬಿಸಿನೀರಿನ ಚೊಂಬನ್ನು ಎಲ್ಲಿಟ್ಟೆನೆಂದು ನೆನಪಾಗಲಿಲ್ಲ. ಎರಡಲ್ಲ, ಹತ್ತು ಉಸಿರು ಕಳೆಯಿತು. ಊರಿನಲ್ಲಿ ಬೇರೆ ಸಕ್ಕರೆ ಉಳಿದಿರಲಿಲ್ಲ. ಅದನ್ನೇ ಸುರಿದೆ.

ಹೊತ್ತು ಇಳಿಯುವ ಹೊತ್ತಿಗೆ ಎಲ್ಲ ಮನೆಯವರೂ ಅರ್ಧ ತಮ್ಮಲ್ಲಿಟ್ಟುಕೊಂಡು, ಅರ್ಧವನ್ನು ತಟ್ಟೆಯಲ್ಲಿಟ್ಟು ಫಿಲೋಮಿನಮ್ಮನ ಬಾಗಿಲಿಗೆ ಬಂದೆವು. ಇನ್ನು ದಾಟಬೇಕಾದ ಹೊಸ್ತಿಲು ಅದೊಂದೇ.

“ಫಿಲೋಮಿನಕ್ಕಾ, ಬಾಗಿಲು ತೆಗೀರಿ!” ಎಂದು ಖೈರುನ್ನಿಸಾ ಕೂಗಿದರು. “ನಮ್ಮ ಕೇಕು ಕೆಟ್ಟಿದೆ, ಬಂದು ಬೈದು ಹೋಗಿ!”

ಬಾಗಿಲು ತೆರೆಯಿತು. ಹೊಸ್ತಿಲಿನಿಂದ ಬೀದಿಯ ತಿರುವಿನವರೆಗೆ ನಿಂತಿದ್ದ ತಟ್ಟೆಗಳ ಸಾಲನ್ನು ಆಕೆ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸರಿದು ದಾರಿ ಬಿಟ್ಟರು. ಬೆಂಚು ತುಂಬಿತು, ಮಂಚ ತುಂಬಿತು, ಕಿಟಕಿಯ ಗೂಡೂ ತುಂಬಿತು. ಆಕೆ ಪ್ರತಿಯೊಂದರಲ್ಲೂ ಒಂದು ಚಿವುಟು ಮುರಿದು ತಿಂದು ತಮ್ಮ ತೀರ್ಪು ಹೇಳುತ್ತ ಬಂದರು: “ಇದು ಬೆಂದಿಲ್ಲ. ಇದು ಕೇಕಲ್ಲ, ಹಲ್ವಾ. ಇದು ಚೆನ್ನಾಗಿದೆ, ಯಾರದ್ದು? ನಿನ್ನದಾ? ಹಾಗಾದ್ರೆ ಅಷ್ಟೇನೂ ಚೆನ್ನಾಗಿಲ್ಲ.” ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ಬೈಯುತ್ತಿತ್ತು.

ನನ್ನ ತಟ್ಟೆ ಕೊನೆಯದು. ಕೇಕಿನ ಮೇಲ್ಭಾಗ ಹಂಚಿನ ತಳದಂತೆ ಕಪ್ಪಾಗಿತ್ತು.

“ಏನಿದು ನೀರಯ್ಯ?”

“ಕೇಕು. ನಾನೇ ಮಾಡಿದ್ದು.”

ಆಕೆ ಒಂದು ತುಂಡು ಮುರಿದು ಅಗಿದರು.

“ನೀವು ತಿಂದು ನೋಡಿದ್ರಾ?”

“ಇಲ್ಲ.”

“ತಿನ್ನಿ. ಅಷ್ಟು ವರ್ಷ ನೋಡಿದ ಬಾಯಲ್ವಾ, ಏನಿದೆ ಹೇಳಿ.”

ನಾನು ತಿಂದೆ. ತಪ್ಪು ಹೇಳಬಾರದೆಂದು ಈ ಸಲ ಪೂರಾ ನುಂಗುವ ತನಕ ಕಾದೆ. “ಮೊದಲು ಕಹಿ,” ಎಂದೆ. “ಗುಟುಕು ಇಳಿದ ಮೇಲೆ ಸ್ವಲ್ಪ ಸಿಹಿ.”

“ದಸ್ತಗೀರಣ್ಣಾ!” ಎಂದು ಫಿಲೋಮಿನಮ್ಮ ಕಿರುಚಿದರು. “ಗಂಟೆ ಹೊಡೀರಿ! ನೀರಯ್ಯ ನಮ್ಮನೆಗೆ ಯುಗಾದಿ ತಂದಿದ್ದಾರೆ!” ಆಕೆ ನಕ್ಕ ನಗೆಗೆ ಗೋಡೆಯ ಗೂಡಿನಲ್ಲಿದ್ದ ತಟ್ಟೆಗಳು ಕಿಣಿಕಿಣಿ ಎಂದವು. ನಗುನಗುತ್ತಲೇ ಆ ಕಪ್ಪು ಕೇಕಿನಿಂದ ಇನ್ನೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಯಾರೋ ನಕ್ಷತ್ರವನ್ನು ಹುಡುಕಿ ತಂದು ಬಾಗಿಲಿಗೆ ಕಟ್ಟಿದರು. ಅದು ತಿರುಗಿ ನಿಲ್ಲುವಷ್ಟರಲ್ಲಿ ಹೊತ್ತು ಮುಳುಗಿತು.

ಹೊರಡುವಾಗ ಶಿವನೀಲೆ ತನ್ನ ತಟ್ಟೆಯನ್ನು ಕೇಳಿದಳು. ತವರಿನಿಂದ ಬಂದ, ಅಂಚಿನಲ್ಲಿ ಅವಳ ಹೆಸರು ಕೊರೆದ ಸ್ಟೀಲಿನ ತಟ್ಟೆ ಅದು. ಫಿಲೋಮಿನಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರು; ತಳದಲ್ಲಿ ಒಂದು ಹರಳೂ ಇರಲಿಲ್ಲ. ಅವರು ತಟ್ಟೆಯನ್ನು ಎದೆಗವಚಿಕೊಂಡರು.

“ಖಾಲಿ ತಟ್ಟೆ ಕೊಡೋ ಮನೆ ಅಲ್ಲ ಇದು. ನಾಳೆ ಹಣ್ಣು ಹೆಚ್ಚಿ ಜಾಡಿ ತುಂಬ್ತೀನಿ. ಹಬ್ಬ ಬರ್ಲಿ, ತುಂಬಿಸಿ ಕಳಿಸ್ತೀನಿ.”

“ಅದು ಬರೋದು ಮೂರು ವರ್ಷಕ್ಕೋ, ನಾಲ್ಕು ವರ್ಷಕ್ಕೋ! ಅಲ್ಲೀತನಕ ನಾವು ಉಣ್ಣೋದು ಯಾತರಲ್ಲಿ?”

“ಊರಲ್ಲಿ ಬಾಳೆಗಿಡ ಇಲ್ವಾ?” ಎಂದರು ಫಿಲೋಮಿನಮ್ಮ.

ಇದಾಗಿ ಒಂದು ವರ್ಷ ಎರಡು ತಿಂಗಳಾಯಿತು. ಮೂವತ್ತನಾಲ್ಕು ತಟ್ಟೆಗಳೂ ತೊಳೆದು ಒರೆಸಿ ಅವರ ಅಟ್ಟದ ಮೇಲೆ ಜೋಡಿಸಿಟ್ಟಂತೆಯೇ ಇವೆ. ಊರೆಲ್ಲ ಎಲೆಯಲ್ಲಿ ಉಣ್ಣುತ್ತಿದ್ದೇವೆ. ಪ್ರತಿ ಬೆಳಗ್ಗೆ ಬಾವಿಯ ಬಳಿ ಈಗ ಇಬ್ಬರಲ್ಲ, ಮೂವತ್ತೈದು ಮನೆಯವರೂ ಕೊಡ ಹಿಡಿದು ನಿಂತಿರುತ್ತೇವೆ. ಶಿವನೀಲೆ ನೀರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೊಡನೆ ಎಲ್ಲರೂ ಒಟ್ಟಿಗೆ ಕೇಳುತ್ತೇವೆ: “ಇವತ್ತು?”